ವಿಮಾನ ಇಳಿದು ಬಂದ ಜ್ವರ: ದಡಾರಕ್ಕೆ ನಮ್ಮ ಆಸ್ಪತ್ರೆ ತಯಾರಾದ ಬಗೆ

ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಸೋಂಕು ನಿಯಂತ್ರಣ ನರ್ಸ್. ಅಂದ್ರೆ ಎಂತ ಕೆಲಸ ಅಂತ ನಮ್ಮ ಮನೆಯವರಿಗೇ ಇನ್ನೂ ಸರಿಯಾಗಿ ಗೊತ್ತಿಲ್ಲ. ಕೈ ತೊಳೆದ್ರಾ ಅಂತ ದೊಡ್ಡ ಡಾಕ್ಟರಿಂದ ಹಿಡಿದು ಆಯಾವರೆಗೆ ಎಲ್ಲರ ಬೆನ್ನು ಹತ್ತುವುದು, ಹಳದಿ ಚೀಲಕ್ಕೆ ಹೋಗಬೇಕಾದದ್ದನ್ನು ಕೆಂಪು ಚೀಲಕ್ಕೆ ಹಾಕಿದವರು ಯಾರು ಅಂತ ಹುಡುಕುವುದು. ಕಾರಿಡಾರಿನಲ್ಲಿ ನಾನು ಬರುವುದು ಕಂಡರೆ ಕೆಲವರು ದಾರಿ ಬದಲಿಸುತ್ತಾರೆ.

2025ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ದಡಾರ ಜೋರಾಗಿ ಹಬ್ಬಿತು. ಅದೇ ವರ್ಷ ನವೆಂಬರ್‌ನಲ್ಲಿ ಕೆನಡಾ ತನ್ನ ‘ದಡಾರ ಮುಕ್ತ’ ಸ್ಥಾನ ಕಳೆದುಕೊಂಡಿತು. 1998ರಿಂದ ಉಳಿಸಿಕೊಂಡು ಬಂದಿದ್ದ ಸ್ಥಾನ ಅದು. ಆ ಸುದ್ದಿ ಬಂದ ಮೇಲೆ ನಮ್ಮ ಮೆಡಿಕಲ್ ಸೂಪರಿಂಟೆಂಡೆಂಟ್ ಮೇಡಂ ಕರೆದು ಕೇಳಿದರು. “ಸಿಸ್ಟರ್, ನಾಳೆ ಬಜ್ಪೆ ಏರ್‌ಪೋರ್ಟಿನಲ್ಲಿ ಇಳಿದವರು ಒಬ್ಬರು ದಡಾರ ಹಿಡ್ಕೊಂಡು ಸೀದಾ ನಮ್ಮ ಓಪಿಡಿಗೆ ಬಂದ್ರೆ ನಾವು ಎಂತ ಮಾಡ್ತೇವೆ?” ನಾನು ಉತ್ತರ ಕೊಡುವ ಮೊದಲೇ ಅವರೇ ಹೇಳಿದರು, “ಎಂತ ಸಾ ಮಾಡುದಿಲ್ಲ. ಟೋಕನ್ ಕೊಟ್ಟು ಕೂರಿಸ್ತೇವೆ.”

ಅವರು ಹೇಳಿದ್ದು ನಿಜ. ನಮ್ಮ ಊರಿನ ಅರ್ಧ ಮನೆಗಳಿಗೆ ಗಲ್ಫ್ ಸಂಬಂಧ ಉಂಟು. ದುಬೈ, ಅಬುಧಾಬಿಯಿಂದ ನೇರ ವಿಮಾನ. ಅಲ್ಲಿ ಶಾಲೆಗೆ ಬೇಸಿಗೆ ರಜೆ ಸಿಗುವುದು ಜುಲೈ, ಆಗಸ್ಟ್‌ನಲ್ಲಿ. ಮಕ್ಕಳನ್ನು ಕಟ್ಟಿಕೊಂಡು ಕುಟುಂಬಗಳು ಊರಿಗೆ ಬರುವುದು ಆಗಲೇ. ಇಲ್ಲಿ ಅದು ಡೆಂಗಿ ಕಾಲ. ಮಳೆಗಾಲದಲ್ಲಿ ಜ್ವರ, ಮೈಮೇಲೆ ಕೆಂಪು ಅಂದ ಕೂಡಲೇ ಎಲ್ಲರ ತಲೆಗೆ ಹೊಳೆಯುವುದು ಡೆಂಗಿ. ಪ್ಲೇಟ್‌ಲೆಟ್ ನೋಡಲು ರಕ್ತ ತೆಗೆಯುತ್ತಾರೆ, ಮಗುವನ್ನು ಲ್ಯಾಬಿನ ಮುಂದೆ ನಲವತ್ತು ಜನರ ಜೊತೆ ಕೂರಿಸುತ್ತಾರೆ. ಡೆಂಗಿಯಾದರೆ ತೊಂದರೆ ಇಲ್ಲ, ಅದು ಸೊಳ್ಳೆ ಇಲ್ಲದೆ ಪಕ್ಕದವರಿಗೆ ಹೋಗುವುದಿಲ್ಲ. ದಡಾರ ಹಾಗಲ್ಲ. ರೋಗಿ ಎದ್ದು ಹೋದ ಮೇಲೂ ಎರಡು ಗಂಟೆವರೆಗೆ ವೈರಸ್ಸು ಆ ಕೋಣೆಯ ಗಾಳಿಯಲ್ಲಿ ಇರಬಹುದು. ರೋಗನಿರೋಧಕ ಶಕ್ತಿ ಇಲ್ಲದ ಹತ್ತು ಜನ ಹತ್ತಿರ ಇದ್ದರೆ ಒಂಬತ್ತು ಜನಕ್ಕೆ ಬರುತ್ತದೆ. ಮೈಮೇಲೆ ದದ್ದು ಏಳುವ ನಾಲ್ಕು ದಿನ ಮೊದಲೇ ಅದು ಹರಡಲು ಶುರು ಮಾಡಿರುತ್ತದೆ, ದದ್ದು ಎದ್ದ ಮೇಲೂ ನಾಲ್ಕು ದಿನ ಹರಡುತ್ತದೆ.

ಇಲ್ಲಿ ಒಂದು ಮಾತು. ದಡಾರವನ್ನು ‘ಫಾರಿನ್ ಕಾಯಿಲೆ’ ಅಂತ ನೋಡುವುದು ನನಗೆ ಸರಿ ಕಾಣುವುದಿಲ್ಲ. 2022ರ ಕೊನೆಯಲ್ಲಿ ಮುಂಬೈಯಲ್ಲಿ ಎದ್ದದ್ದು ದಡಾರವೇ ಅಲ್ವಾ? ಮುಂಬೈ ನಮಗೆ ದೂರವಾ? ಮತ್ಸ್ಯಗಂಧ ರೈಲು ಹತ್ತಿದರೆ ಮರುದಿನ ಊರು. ಹಾಗಾಗಿ ‘ಪ್ರಯಾಣ’ ಅಂದರೆ ಪಾಸ್‌ಪೋರ್ಟ್ ಮಾತ್ರ ಅಲ್ಲ, ಮುಂಬೈಯ ಮದುವೆಯೂ ಪ್ರಯಾಣವೇ ಅಂತ ಮೊದಲ ಮೀಟಿಂಗಿನಲ್ಲೇ ಬರೆಸಿಕೊಂಡೆ.

ತಯಾರಿ ಅಂದರೆ ಹೆಚ್ಚಿನವರಿಗೆ ನೆನಪಾಗುವುದು ಐಸೊಲೇಶನ್ ರೂಮ್ ಮತ್ತು ಪಿಪಿಇ ಕಿಟ್. 2018ರಲ್ಲಿ ಕೋಝಿಕ್ಕೋಡ್ ಕಡೆ ನಿಫಾ ಬಂದಾಗ ನಾವೂ ಹಾಗೇ ಮಾಡಿದ್ದೆವು. ಆಮೇಲೆ ಕೊರೊನಾ ಬಂತು, ಎಲ್ಲ ಕಲಿಸಿತು. ಆದರೆ ದಡಾರಕ್ಕೆ ಒಂದು ವಿಶೇಷ ಉಂಟು. ಇದಕ್ಕೆ ಒಳ್ಳೆ ಲಸಿಕೆ ಇದೆ. ಎರಡು ಡೋಸ್ ಆದವರಲ್ಲಿ ನೂರಕ್ಕೆ ತೊಂಬತ್ತೇಳು ಮಂದಿಗೆ ರಕ್ಷಣೆ. ಹಾಗಾದರೆ ಮೊದಲು ಕೇಳಬೇಕಾದದ್ದು ರೂಮ್ ಎಲ್ಲಿ ಅಂತಲ್ಲ, ನಮ್ಮವರಲ್ಲಿ ಯಾರಿಗೆ ಲಸಿಕೆ ಆಗಿದೆ ಅಂತ. ಅದನ್ನು ಕೇಳಲು ಹೊರಟಾಗ ಇಡೀ ಆಸ್ಪತ್ರೆಯಲ್ಲಿ ಯಾರ ಹತ್ತಿರವೂ ನೆಟ್ಟಗೆ ಉತ್ತರ ಇರಲಿಲ್ಲ.

“ಸಣ್ಣದಿರುವಾಗ ಅಮ್ಮ ಕೊಡಿಸಿರ್ಬಹುದು ಸಿಸ್ಟರ್.” ಇದೇ ಎಲ್ಲರ ಉತ್ತರ. ನಮ್ಮ ದೇಶದಲ್ಲಿ ಸರಕಾರಿ ಲಸಿಕೆ ಕಾರ್ಯಕ್ರಮಕ್ಕೆ ದಡಾರದ ಲಸಿಕೆ ಸೇರಿದ್ದು 1985ರಲ್ಲಿ. ಅದಕ್ಕಿಂತ ಮೊದಲು ಹುಟ್ಟಿದವರಲ್ಲಿ ಹೆಚ್ಚಿನವರಿಗೆ ಕಾಯಿಲೆಯೇ ಬಂದು ಹೋಗಿರುತ್ತದೆ. ಎರಡನೇ ಡೋಸ್ ಶುರುವಾದದ್ದು 2010ರಲ್ಲಿ. ಇವೆರಡರ ನಡುವೆ ಹುಟ್ಟಿದವರಲ್ಲಿ ಹೆಚ್ಚಿನವರಿಗೆ ಸಿಕ್ಕಿದ್ದು ಹೆಚ್ಚೆಂದರೆ ಒಂದು ಡೋಸ್. ನಮ್ಮ ಆಸ್ಪತ್ರೆ ನಡೆಯುವುದೇ ಆ ವಯಸ್ಸಿನವರಿಂದ. ಇನ್ನು ತೀರಾ ಚಿಕ್ಕವರು, ಈಗಷ್ಟೇ ನರ್ಸಿಂಗ್ ಮುಗಿಸಿ ಬಂದವರು. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಅಭಿಯಾನ ನಡೆಯಿತಲ್ಲ, ಹದಿನೈದು ವರ್ಷದೊಳಗಿನ ಮಕ್ಕಳಿಗೆಲ್ಲ. ಆಗ ಶಾಲೆಯಲ್ಲಿ ಚುಚ್ಚಿಸಿಕೊಂಡದ್ದು ಇವರಿಗೆ ನೆನಪಿದೆ. ಹೆಬ್ಬೆರಳಿಗೆ ಶಾಯಿ ಗುರುತು ಹಾಕಿದ್ದೂ ನೆನಪಿದೆ. ಕಾಗದ ಮಾತ್ರ ಇಲ್ಲ. ಆಗ ವಾಟ್ಸಾಪಿನಲ್ಲಿ ಸುಳ್ಳು ಸುದ್ದಿ ಹರಿದಾಡಿ, ಆ ದಿನ ಮಗುವನ್ನು ಶಾಲೆಗೇ ಕಳಿಸದ ಮನೆಗಳೂ ಇದ್ದವು.

ಕಾಗದ ಪಕ್ಕಾ ಇದ್ದವರು ಯಾರು ಗೊತ್ತಾ? ಯುಕೆಗೆ ಹೋಗಲು ಅರ್ಜಿ ಹಾಕಿದ ನರ್ಸುಗಳು. ಅಲ್ಲಿಯವರು ದಡಾರದ್ದೂ ಸೇರಿರುವ ಎಂಎಂಆರ್ ಲಸಿಕೆಯ ದಾಖಲೆ ಅಥವಾ ರಕ್ತ ಪರೀಕ್ಷೆಯ ರಿಪೋರ್ಟ್ ಕೇಳುತ್ತಾರೆ. ಹಾಗಾಗಿ ನಮ್ಮಲ್ಲಿ ದಡಾರದ ಮಟ್ಟಿಗೆ ಅತಿ ಸುರಕ್ಷಿತರು ಅಂದರೆ ಇಂದಲ್ಲ ನಾಳೆ ನಮ್ಮನ್ನು ಬಿಟ್ಟು ಹೋಗುವವರು! ಇದನ್ನು ನರ್ಸಿಂಗ್ ಸೂಪರಿಂಟೆಂಡೆಂಟ್ ಸಿಸ್ಟರಿಗೆ ಹೇಳಿದೆ. ಅವರು ನಗಲಿಲ್ಲ.

ಎಲ್ಲರ ರಕ್ತ ಪರೀಕ್ಷೆ ಮಾಡಿಸುವ ಅಂತ ಒಬ್ಬರು ಹೇಳಿದರು. ದುಡ್ಡೂ ಜಾಸ್ತಿ, ಸಮಯವೂ ಜಾಸ್ತಿ. ನಮ್ಮ ಮಕ್ಕಳ ಡಾಕ್ಟರು ಸುಲಭ ಮಾಡಿಕೊಟ್ಟರು. “ಕಾಗದ ಇಲ್ಲದವರಿಗೆ ಸುಮ್ನೆ ಲಸಿಕೆ ಕೊಡಿ. ಮೊದಲೇ ಆಗಿದ್ದರೂ ಇನ್ನೊಂದು ಡೋಸಿನಿಂದ ಹಾನಿ ಇಲ್ಲ.” ಎರಡು ಡೋಸ್, ನಡುವೆ ಕಡಿಮೆ ಅಂದರೂ 28 ದಿನ. ಪರೀಕ್ಷೆ ಮಾಡಿಸಿದ್ದು ಲಸಿಕೆ ಕೊಡಲಿಕ್ಕೆ ಆಗದವರಿಗೆ ಮಾತ್ರ.

ಲಸಿಕೆ ಕೊಡಲಿಕ್ಕೆ ಆಗದವರು ಅಂದರೆ ಮುಖ್ಯವಾಗಿ ಗರ್ಭಿಣಿಯರು, ಮತ್ತೆ ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ತೆಗೆದುಕೊಳ್ಳುವವರು. ಇದು ಜೀವಂತ ವೈರಸ್ಸಿನ ಲಸಿಕೆ. ತೆಗೆದುಕೊಂಡ ಮೇಲೂ ಒಂದು ತಿಂಗಳು ಗರ್ಭ ಧರಿಸಬಾರದು. ನಮ್ಮಲ್ಲಿ ಹೊಸದಾಗಿ ಮದುವೆಯಾದ ಹುಡುಗಿಯರು ತುಂಬ. ಸಾಲಿನಲ್ಲಿ ನಿಲ್ಲಿಸಿ ಎಲ್ಲರೆದುರು “ನಿಮ್ಮದು ಡೇಟ್ ಯಾವಾಗ?” ಅಂತ ಕೇಳುವ ಪ್ರಶ್ನೆಯಾ ಅದು? ಹಾಗಾಗಿ ಲಸಿಕೆ ಕೊಡುವ ಜಾಗವನ್ನು ಕಾನ್ಫರೆನ್ಸ್ ಹಾಲಿನಿಂದ ತೆಗೆದು, ಪರದೆ ಇರುವ ಹಳೆ ಡ್ರೆಸ್ಸಿಂಗ್ ರೂಮಿಗೆ ಹಾಕಿಸಿದೆ. ಒಬ್ಬೊಬ್ಬರೇ ಒಳಗೆ. ಹೊರಗಿದ್ದಾಗ “ಎಂತ ಇಲ್ಲ ಸಿಸ್ಟರ್” ಅಂದಿದ್ದ ಲ್ಯಾಬ್ ಹುಡುಗಿ ಒಳಗೆ ಬಂದು ಮೆಲ್ಲಗೆ ಹೇಳಿದಳು, ಮನೆಯಲ್ಲಿ ಅತ್ತೆಗೂ ಇನ್ನೂ ಹೇಳಿಲ್ಲ ಅಂತ. ಅವಳ ರಕ್ತ ಪರೀಕ್ಷೆ ಮಾಡಿಸಿದೆವು. ದಡಾರದ ಪ್ರತಿಕಾಯ, ಅಂದರೆ ಆ ವೈರಸ್ಸನ್ನು ಎದುರಿಸುವ ಅಂಶ, ರಕ್ತದಲ್ಲಿ ಇರಲಿಲ್ಲ. ಜ್ವರ-ದದ್ದು ಇರುವ ಯಾವ ರೋಗಿಯ ಹತ್ತಿರವೂ ಅವಳು ಹೋಗಬಾರದು ಅಂತ ಬರೆದು, ಕಾರಣ ಬರೆಯದೆ, ಲ್ಯಾಬ್ ಇನ್‌ಚಾರ್ಜ್‌ಗೆ ಕೊಟ್ಟೆ.

ಇನ್ನೊಂದು ತಲೆನೋವು ಡ್ಯೂಟಿ ಲಿಸ್ಟ್. ಲಸಿಕೆ ತೆಗೆದುಕೊಂಡ ಕೆಲವರಿಗೆ ಒಂದು ವಾರದ ನಂತರ ಸಣ್ಣ ಜ್ವರ ಬರುತ್ತದೆ, ಕೆಲವರಿಗೆ ಸ್ವಲ್ಪ ದದ್ದೂ ಏಳುತ್ತದೆ. ಇಡೀ ಐಸಿಯು ತಂಡಕ್ಕೆ ಒಂದೇ ದಿನ ಕೊಟ್ಟರೆ ಮುಂದಿನ ವಾರ ಐಸಿಯು ನೋಡಿಕೊಳ್ಳುವವರು ಯಾರು? ಹಾಗಾಗಿ ಒಂದು ವಾರ್ಡಿನಿಂದ ವಾರಕ್ಕೆ ಇಬ್ಬರು ಮೂವರು ಅಂತ ಹಂಚಿದೆವು.

ಆಸ್ಪತ್ರೆಯ ಸಂಬಳದ ಪಟ್ಟಿಯಲ್ಲಿ ಇಲ್ಲದವರದ್ದು ಬೇರೆ ಕಥೆ. ವಾಚ್‌ಮನ್, ಹೌಸ್‌ಕೀಪಿಂಗ್, ಕ್ಯಾಂಟೀನ್, ಆಂಬುಲೆನ್ಸ್ ಡ್ರೈವರ್. ಹೆಚ್ಚಿನವರು ಗುತ್ತಿಗೆಯವರು. ಅವರ ಏಜೆನ್ಸಿಗೆ ಫೋನ್ ಮಾಡಿದರೆ “ಅದು ನಿಮ್ಮ ಆಸ್ಪತ್ರೆಯ ವಿಷಯ” ಅಂದರು. ಇತ್ತ ಅಕೌಂಟ್ಸ್‌ನವರು “ಅವರು ನಮ್ಮ ಸ್ಟಾಫ್ ಅಲ್ಲ” ಅಂದರು. ರೋಗಿ ಬಂದಾಗ ಮೊದಲು ಎದುರಾಗುವುದು ಯಾರಿಗೆ? ಎಂಡಿ ಮಾಡಿದ ಡಾಕ್ಟರಿಗೆ ಅಲ್ಲ, ಗೇಟಿನಲ್ಲಿ ನಿಂತ ಅಣ್ಣನಿಗೆ. ಆಮೇಲೆ ಗಾಲಿಕುರ್ಚಿ ತಳ್ಳುವವನಿಗೆ, ಆಮೇಲೆ ರಿಜಿಸ್ಟ್ರೇಶನ್ ಕೌಂಟರಿನ ಹುಡುಗಿಗೆ. ಡಾಕ್ಟರು ಐದನೆಯವರೋ ಆರನೆಯವರೋ. ತಯಾರಿ ಮಾತ್ರ ಎಲ್ಲ ಕಡೆಯೂ ಡಾಕ್ಟರಿಂದ ಶುರುವಾಗುತ್ತದೆ.

ಕೊನೆಗೆ ಕೆಲಸ ಆದದ್ದು ಒಂದು ಲೆಕ್ಕದಿಂದ. ರೋಗನಿರೋಧಕ ಶಕ್ತಿ ಇಲ್ಲದ ಸಿಬ್ಬಂದಿಗೆ ದಡಾರದ ರೋಗಿಯ ಸಂಪರ್ಕ ಆದರೆ, ಐದನೇ ದಿನದಿಂದ ಇಪ್ಪತ್ತೊಂದನೇ ದಿನದವರೆಗೆ ಅವರನ್ನು ಕೆಲಸಕ್ಕೆ ಸೇರಿಸಬಾರದು. ಕ್ಯಾಶುವಾಲಿಟಿಯ ಹೊರಗಿನ ಹಾಲಿನಲ್ಲಿ ಒಂದು ಮಗು ಅರ್ಧ ಗಂಟೆ ಕೂತರೆ ಎಷ್ಟು ಜನ ಮನೆಯಲ್ಲಿ ಕೂರಬೇಕಾಗುತ್ತದೆ ಅಂತ ಒಂದು ಹಾಳೆಯಲ್ಲಿ ಬರೆದು ಮ್ಯಾನೇಜ್‌ಮೆಂಟಿನವರ ಮುಂದಿಟ್ಟೆವು. ಗುತ್ತಿಗೆಯವರ ಲಸಿಕೆಯ ಬಿಲ್ಲು ಅದೇ ವಾರ ಪಾಸಾಯಿತು. ಆರೋಗ್ಯದ ಮಾತಿಗೆ ಬಗ್ಗದವರು ಡ್ಯೂಟಿ ಲಿಸ್ಟಿಗೆ ಬಗ್ಗುತ್ತಾರೆ.

ಇದೆಲ್ಲ ಆದ ಮೇಲೆ ಒಂದು ‘ಹಸಿರು ಪಟ್ಟಿ’ ತಯಾರಾಯಿತು. ಎರಡು ಡೋಸ್ ಆದವರು ಅಥವಾ ಪರೀಕ್ಷೆಯಲ್ಲಿ ಪ್ರತಿಕಾಯ ಇದೆ ಅಂತ ಬಂದವರು. ಪ್ರತಿ ಪಾಳಿಯಲ್ಲೂ ಕ್ಯಾಶುವಾಲಿಟಿಯಲ್ಲಿ ಹಸಿರು ಪಟ್ಟಿಯ ಒಬ್ಬ ಡಾಕ್ಟರು, ಇಬ್ಬರು ನರ್ಸು, ಒಬ್ಬ ಹೌಸ್‌ಕೀಪಿಂಗ್ ಇರಲೇಬೇಕು. ಹಸಿರು ಪಟ್ಟಿಯವರೂ ಒಳಗೆ ಹೋಗುವಾಗ ಎನ್95 ಹಾಕಬೇಕು. ಲಸಿಕೆ ಆಗಿದೆಯಲ್ಲ, ಮತ್ತೆ ಮಾಸ್ಕ್ ಯಾಕೆ ಅಂತ ಪ್ರತಿ ಕ್ಲಾಸಿನಲ್ಲೂ ಒಬ್ಬರು ಕೇಳುತ್ತಾರೆ. ಎರಡು ಡೋಸ್ ಆದರೂ ನೂರಕ್ಕೆ ಮೂವರು ಉಳಿಯುತ್ತಾರೆ, ಆ ಮೂವರಲ್ಲಿ ನೀವು ಇಲ್ಲ ಅಂತ ಹೇಗೆ ಗೊತ್ತು ಅಂತ ಕೇಳಿದರೆ ಸುಮ್ಮನಾಗುತ್ತಾರೆ.

ಇನ್ನು ರೂಮ್. ಒಳಗಿನ ಗಾಳಿ ಕಾರಿಡಾರಿಗೆ ಬಾರದ ಹಾಗೆ ಎಳೆದು ಹೊರಗೆ ಬಿಡುವ ನೆಗೆಟಿವ್ ಪ್ರೆಶರ್ ರೂಮು ಕೊರೊನಾ ಕಾಲದಲ್ಲಿ ಕಟ್ಟಿಸಿದ್ದು ನಮ್ಮಲ್ಲಿ ಇತ್ತು. ಆದರೆ ಅದು ನಾಲ್ಕನೇ ಮಹಡಿಯಲ್ಲಿ. ಅಲ್ಲಿಗೆ ಹೋಗಲು ಎಲ್ಲರೂ ಬಳಸುವ ಲಿಫ್ಟೇ ಗತಿ. ಲಿಫ್ಟಿನೊಳಗೆ ದಡಾರದ ರೋಗಿ ಹೋದ ಮೇಲೆ ಬೆನ್ನಿಗೇ ಹೆರಿಗೆ ವಾರ್ಡಿನವರು ಹತ್ತುತ್ತಾರೆ. ಬಯೋಮೆಡಿಕಲ್ ಎಂಜಿನಿಯರ್ ಜೊತೆ ಅದರ ಬಾಗಿಲ ಕೆಳಗಿನ ಸಂದಿಗೆ ಟಿಶ್ಯೂ ಪೇಪರಿನ ಎಳೆ ಹಿಡಿದು ನೋಡಿದೆವು. ಗಾಳಿ ಒಳಗೆ ಎಳೆಯುತ್ತಿದ್ದರೆ ಎಳೆ ಒಳಮುಖವಾಗಿ ವಾಲಬೇಕು. ಅದು ನೆಟ್ಟಗೆ ನೇತಾಡುತ್ತಿತ್ತು. ಫಿಲ್ಟರ್ ಧೂಳು ಹಿಡಿದಿತ್ತು. ಕೊರೊನಾ ಮುಗಿದ ಮೇಲೆ ಆ ಕಡೆ ಹೋದವರೇ ಇಲ್ಲ.

ಅದನ್ನು ರಿಪೇರಿ ಮಾಡಿಸಿದೆವು, ಆದರೆ ಮೊದಲ ಜಾಗ ಅಂತ ಆರಿಸಿದ್ದು ಬೇರೆ. ಕ್ಯಾಶುವಾಲಿಟಿ ಪಕ್ಕದಲ್ಲಿ ಒಂದು ಕೋಣೆ, ಅದರ ಇನ್ನೊಂದು ಬಾಗಿಲು ನೇರ ಹೊರಗಿನ ಆಂಬುಲೆನ್ಸ್ ನಿಲ್ಲುವ ಜಾಗಕ್ಕೆ. ಅಲ್ಲಿ ಒಂದು ಸ್ಪ್ಲಿಟ್ ಎಸಿ ಇತ್ತು. ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ, ಒಳಗಿನ ಗಾಳಿಯನ್ನೇ ತಿರುಗಿಸಿ ತಣ್ಣಗೆ ಮಾಡುತ್ತದೆ ಅಂತ ಎಷ್ಟೋ ಡಾಕ್ಟರಿಗೂ ಗೊತ್ತಿರಲಿಲ್ಲ. ಎಸಿ ತೆಗೆಸಿ, ಹೊರಗೋಡೆಗೆ ದೊಡ್ಡ ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆವು, ಗಾಳಿ ಹೋಗುವ ಕಡೆ ಯಾರೂ ಓಡಾಡದ ಹಾಗೆ. ಮಂಗಳೂರಿನ ಸೆಕೆಯಲ್ಲಿ ಎನ್95 ಹಾಕಿಕೊಂಡು ಎಸಿ ಇಲ್ಲದ ಕೋಣೆಯಲ್ಲಿ ನಿಲ್ಲುವುದು ಸುಲಭ ಅಲ್ಲ, ಬೈಸಿಕೊಂಡದ್ದೂ ಆಯಿತು. ಗಂಟೆಗೆ ಹನ್ನೆರಡು ಸಲ ಗಾಳಿ ಬದಲಾಗುವ ಕೋಣೆಯಾದರೆ ರೋಗಿ ಹೋದ ಮೇಲೆ 35 ನಿಮಿಷದಲ್ಲಿ ಶುದ್ಧವಾಗುತ್ತದೆ, ಆರು ಸಲವಾದರೆ 69 ನಿಮಿಷ ಬೇಕು. ಲೆಕ್ಕ ಗೊತ್ತಿಲ್ಲದ ಕೋಣೆಗೆ ಎರಡು ಗಂಟೆ. ನಮ್ಮದಕ್ಕೆ ಎರಡು ಗಂಟೆಯೇ ಇರಲಿ ಅಂತ ಬಾಗಿಲ ಮೇಲೆ ಬರೆಸಿದೆವು.

ಡಾಕ್ಟರುಗಳ ಕ್ಲಾಸ್ ಮಾತ್ರ ನನಗೆ ತುಂಬ ಇಷ್ಟವಾಯಿತು. ನಮ್ಮ ಕ್ಯಾಶುವಾಲಿಟಿಯ ಚಿಕ್ಕ ಡಾಕ್ಟರುಗಳಲ್ಲಿ ದಡಾರದ ಮಗುವನ್ನು ಕಣ್ಣಾರೆ ನೋಡಿದವರು ಕಡಿಮೆ. ಪಾಠ ಮಾಡಿದ್ದು ನಮ್ಮ ಹಿರಿಯ ಮಕ್ಕಳ ಡಾಕ್ಟರು. ಅವರು ಓದುವ ಕಾಲದಲ್ಲಿ ವಾರ್ಡೇ ತುಂಬಿರುತ್ತಿತ್ತಂತೆ. ಪುಸ್ತಕದ ಚಿತ್ರ ಒಂದನ್ನೂ ಅವರು ತೋರಿಸಲಿಲ್ಲ. “ಆ ಚಿತ್ರ ಎಲ್ಲ ಬಿಳಿ ಮಕ್ಕಳದ್ದು ಮಾರಾಯ್ರೆ. ನಮ್ಮ ಮಕ್ಕಳ ಮೈಯಲ್ಲಿ ಕೆಂಪು ಅಷ್ಟು ಕಾಣುದಿಲ್ಲ. ಮೊದಲು ಕಿವಿಯ ಹಿಂದೆ, ಕೂದಲ ಅಂಚಿನಲ್ಲಿ ನೋಡಿ. ಕೈಯಲ್ಲಿ ಸವರಿ ನೋಡಿ, ತರಿತರಿ ಸಿಗ್ತದೆ. ಆಮೇಲೆ ಮುಖ, ಹೊಟ್ಟೆ, ಕಾಲು. ಮೇಲಿಂದ ಕೆಳಗೆ ಇಳಿಯುವ ದದ್ದು ಇದು.” ದದ್ದಿಗಿಂತ ಮೊದಲು ಮೂರು ನಾಲ್ಕು ದಿನ ಜೋರು ಜ್ವರ, ಕೆಮ್ಮು, ಮೂಗು ಸೋರುವುದು, ಕಣ್ಣು ಕೆಂಪಾಗಿ ಬೆಳಕು ನೋಡಲಾಗದೆ ಮಗು ಮುಖ ತಿರುಗಿಸುವುದು. ಡೆಂಗಿಯಲ್ಲಿ ಇಷ್ಟು ಕೆಮ್ಮು, ಶೀತ ಇರುವುದಿಲ್ಲ. ಬಾಯಿ ತೆರೆಸಿ, ಕೆನ್ನೆಯ ಒಳಬದಿ, ದವಡೆ ಹಲ್ಲಿನ ಎದುರು ಟಾರ್ಚ್ ಹಾಕಬೇಕು. ಕೆಂಪು ನೆಲದ ಮೇಲೆ ಉಪ್ಪಿನ ಹರಳು ಉದುರಿದ ಹಾಗೆ ಸಣ್ಣ ಬಿಳಿ ಚುಕ್ಕೆ ಕಂಡರೆ ಅದು ದಡಾರವೇ. ಕೋಪ್ಲಿಕ್ ಚುಕ್ಕೆ ಅನ್ನುತ್ತಾರೆ. ದದ್ದು ಎದ್ದು ಒಂದೆರಡು ದಿನದಲ್ಲಿ ಅದು ಮಾಯವಾಗುತ್ತದೆ, ಹಾಗಾಗಿ ಕಾಣಲಿಲ್ಲ ಅಂತ ದಡಾರ ಅಲ್ಲ ಅನ್ನುವ ಹಾಗಿಲ್ಲ.

ಇದೇ ಕ್ಲಾಸಿನಲ್ಲಿ ವಿಟಮಿನ್ ಎ ವಿಷಯ ಬಂತು. ದಡಾರಕ್ಕೆ ನೇರ ಔಷಧಿ ಇಲ್ಲ. ಆದರೆ ವಿಟಮಿನ್ ಎ ಎರಡು ದಿನ ಸಾಲಾಗಿ ಕೊಟ್ಟರೆ ಕಣ್ಣಿಗೂ ಜೀವಕ್ಕೂ ಅಪಾಯ ಕಡಿಮೆಯಾಗುತ್ತದೆ. ಆರು ತಿಂಗಳ ಒಳಗಿನವರಿಗೆ 50 ಸಾವಿರ ಯೂನಿಟ್, ಒಂದು ವರ್ಷ ತುಂಬುವವರೆಗೆ 1 ಲಕ್ಷ, ಆಮೇಲೆ 2 ಲಕ್ಷ. ಅಂಗನವಾಡಿಯಲ್ಲಿ ಕುಡಿಸುವ ಅದೇ ದ್ರಾವಣ. ನಮ್ಮ ಫಾರ್ಮಸಿಯಲ್ಲಿ ಒಂದು ಬಾಟಲಿಯೂ ಇರಲಿಲ್ಲ. ಎಷ್ಟೋ ಸಾವಿರದ ಇಂಜೆಕ್ಷನ್ ಫ್ರಿಡ್ಜಿನಲ್ಲಿ ಉಂಟು, ಇದಿಲ್ಲ. ಕೂಡಲೇ ತರಿಸಿಟ್ಟೆವು.

ಗೇಟಿನಲ್ಲಿ ಹಾಕಲು ಮೊದಲು ಬಂದ ಪೋಸ್ಟರ್ ನೋಡಿದರೆ ನಗು ಬರುತ್ತಿತ್ತು. ಮಾರ್ಕೆಟಿಂಗ್‌ನವರು ಮಾಡಿಸಿದ್ದು. ಚಂದದ ಬಣ್ಣ, ಹತ್ತು ಸಾಲು, ಮೂರು ಭಾಷೆ. ಜ್ವರ ಬಂದ ಮಗುವನ್ನು ಹೆಗಲಿಗೆ ಹಾಕಿಕೊಂಡು ಬರುವ ತಾಯಿ ನಿಂತು ಓದುತ್ತಾಳಾ? ಅದನ್ನು ಬಿಟ್ಟು, ವಾಚ್‌ಮನ್ ಅಣ್ಣನಿಗೆ ಬಾಯಲ್ಲಿ ಕೇಳಲು ಹೇಳಿಕೊಟ್ಟೆವು. ಕೇಳುವುದು ಒಂದೇ: “ಜ್ವರದ ಒಟ್ಟಿಗೆ ಮೈಯಲ್ಲಿ ದದ್ದು ಉಂಟಾ?” ಅವರು ಅದನ್ನು ತುಳುವಿನಲ್ಲಿ, ಬ್ಯಾರಿಯಲ್ಲಿ, ಕಾಸರಗೋಡಿನ ಕಡೆಯವರಿಗೆ ಮಲಯಾಳದಲ್ಲಿ ಕೇಳುತ್ತಾರೆ. ನನಗೆ ಬಾರದ ಎರಡು ಭಾಷೆ ಅವರಿಗೆ ಬರುತ್ತದೆ.

ಪ್ರಯಾಣದ ಪ್ರಶ್ನೆಯನ್ನು ಗೇಟಿನಲ್ಲಿ ಬೇಡ ಅಂತ ಬೇಕೆಂದೇ ತೆಗೆಸಿದೆ. “ಫಾರಿನ್‌ನಿಂದ ಬಂದದ್ದಾ?” ಅಂತ ಗೇಟಿನಲ್ಲೇ ಕೇಳಿದರೆ ಜನ ಇಲ್ಲ ಅನ್ನುತ್ತಾರೆ. ಕೊರೊನಾದ ಸಮಯದಲ್ಲಿ ಕೈಗೆ ಸೀಲು ಹಾಕಿದ್ದು, ಮನೆ ಬಾಗಿಲಿಗೆ ಚೀಟಿ ಅಂಟಿಸಿದ್ದು, ಅಕ್ಕಪಕ್ಕದವರು ನೋಡಿದ ರೀತಿ ಯಾರೂ ಮರೆತಿಲ್ಲ. ಒಳಗೆ ಕೂರಿಸಿ, ಮಗುವನ್ನು ನೋಡುತ್ತಾ, ಮೂರು ವಾರದೊಳಗೆ ಎಲ್ಲೆಲ್ಲಿ ಹೋಗಿದ್ದಿರಿ, ಮನೆಗೆ ಯಾರು ಬಂದಿದ್ದರು ಅಂತ ನರ್ಸ್ ಕೇಳಿದರೆ ಹೇಳುತ್ತಾರೆ. ಹೇಗಿದ್ದರೂ ಜ್ವರ-ದದ್ದು ಇದ್ದರೆ ಪ್ರಯಾಣ ಇರಲಿ ಬಿಡಲಿ, ಕ್ಯಾಶುವಾಲಿಟಿ ಪಕ್ಕದ ಆ ಕೋಣೆಯ ಹೊರಬಾಗಿಲೇ.

ಮಾಕ್ ಡ್ರಿಲ್ ಒಂದು ದಿನ ಹೇಳದೆ ಮಾಡಿದೆವು. ಫಿಸಿಯೋಥೆರಪಿಯ ಒಬ್ಬ ಮೇಡಂ ಬೊಂಬೆಯನ್ನು ಶಾಲಿನಲ್ಲಿ ಸುತ್ತಿಕೊಂಡು ಆಟೋದಲ್ಲಿ ಬಂದರು. ವಾಚ್‌ಮನ್ ಅಣ್ಣ ಸರಿಯಾಗಿ ಕೇಳಿ, ಮಾಸ್ಕ್ ಕೊಟ್ಟು, ಪಕ್ಕದ ದಾರಿ ತೋರಿಸಿದರು. ಅಲ್ಲಿಗೆ ಹೋದರೆ ಇಳಿಜಾರಿನ ದಾರಿಗೆ ಅಡ್ಡ ಸಾಲಾಗಿ ಬೈಕು. ಎಲ್ಲ ನಮ್ಮ ಸ್ಟಾಫಿನದ್ದೇ. ಗಾಲಿಕುರ್ಚಿಯ ಹುಡುಗ ಒಂದು ಕ್ಷಣ ನೋಡಿ, ತಿರುಗಿಸಿ, ಮುಖ್ಯ ಹಾಲಿನ ನಡುವಿನಿಂದಲೇ ತಳ್ಳಿಕೊಂಡು ಬಂದ. ಅವನದ್ದೇನು ತಪ್ಪು? ಇನ್ನೊಂದು ಅಡ್ಡಿ ರಿಜಿಸ್ಟ್ರೇಶನ್. ಕೌಂಟರಿಗೆ ಬಂದು ಫೋಟೋ ತೆಗೆಸದೆ ಕಂಪ್ಯೂಟರಿನಲ್ಲಿ ನಂಬರ್ ಹುಟ್ಟುವುದಿಲ್ಲ. ನಂಬರ್ ಇಲ್ಲದೆ ಔಷಧಿ ಬರುವುದಿಲ್ಲ. ಐಟಿಯವರ ಹಿಂದೆ ಬಿದ್ದು, ಕ್ಯಾಶುವಾಲಿಟಿ ನರ್ಸ್ ಫೋನಿನಲ್ಲೇ ಹೆಸರು ಹೇಳಿ ತಾತ್ಕಾಲಿಕ ನಂಬರ್ ತೆಗೆದುಕೊಳ್ಳುವ ವ್ಯವಸ್ಥೆ ಮಾಡಿಸಿದೆವು. ಬೈಕುಗಳ ಜಾಗಕ್ಕೆ ಕಬ್ಬಿಣದ ಗೂಟ ಬಂತು.

ನಿಜವಾದ ಕೇಸ್ ಬಂದದ್ದು ಒಂದು ಭಾನುವಾರ ಸಂಜೆ. ಗಲ್ಫಿನಿಂದ ಊರಿಗೆ ಬಂದಿದ್ದ ತಾಯಿ, ಜೊತೆಗೆ ಇನ್ನೂ ವರ್ಷ ತುಂಬದ ಮಗು. ಗೇಟಿನಲ್ಲಿ ಅಜ್ಜಿಯೇ ಮೊದಲು ಮಾತಾಡಿದ್ದು, “ಮಗುವಿಗೆ ಮೈಯೆಲ್ಲ ಎದ್ದಿದೆ.” ಅಣ್ಣ ಆಟೋದಿಂದ ಇಳಿಯಗೊಡದೆ ಪಕ್ಕದ ದಾರಿಗೆ ಕಳಿಸಿದರು. ಎರಡು ವರ್ಷದೊಳಗಿನ ಮಗುವಿಗೆ ಮಾಸ್ಕ್ ಹಾಕುವ ಹಾಗಿಲ್ಲ, ತಾಯಿಗೂ ಅಜ್ಜಿಗೂ ಕೊಟ್ಟರು. ಹಸಿರು ಪಟ್ಟಿಯ ಸಿಸ್ಟರ್ ಹೊರಗಿನ ಬಾಗಿಲಿನಿಂದ ಒಳಗೆ ಕರೆದುಕೊಂಡರು. ನನಗೆ ಫೋನ್ ಬಂದಾಗ ಮಗು ಕೋಣೆಯೊಳಗೆ ಆಗಿತ್ತು.

ಕಣ್ಣು ಕೆಂಪು, ರೆಪ್ಪೆ ಅಂಟಿಕೊಂಡಿತ್ತು. ಕೆಮ್ಮು ನಿಲ್ಲುತ್ತಿರಲಿಲ್ಲ. ಕಿವಿಯ ಹಿಂದಿನ ದದ್ದು ಆಗಲೇ ಕಂದು ಬಣ್ಣಕ್ಕೆ ತಿರುಗುತ್ತಿತ್ತು, ಹೊಟ್ಟೆಯ ಮೇಲಿನದ್ದು ಹೊಸತು. ಡ್ಯೂಟಿ ಡಾಕ್ಟರು ಡೆಂಗಿಯ ರಕ್ತ ಪರೀಕ್ಷೆಯನ್ನೂ ಬರೆದರು, ಅದು ತಪ್ಪಲ್ಲ. ಆದರೆ ರಕ್ತ ತೆಗೆದದ್ದು ಕೋಣೆಯೊಳಗೇ, ಹಸಿರು ಪಟ್ಟಿಯವರೇ. ವಿಟಮಿನ್ ಎ 1 ಲಕ್ಷ ಯೂನಿಟ್ ಕುಡಿಸಿದರು. ಮಗುವಿಗೆ ದಡಾರದ ಲಸಿಕೆ ಆಗಿರಲಿಲ್ಲ. ನಮ್ಮಲ್ಲಿ ಒಂಬತ್ತು ತಿಂಗಳಿಗೇ ಕೊಡುತ್ತಾರೆ, ಹಲವು ದೇಶಗಳಲ್ಲಿ ವರ್ಷ ತುಂಬಿದ ಮೇಲೆ. ಈ ಮಗು ಆ ನಡುವಿನ ಸಂದಿಯಲ್ಲಿ ಸಿಕ್ಕಿಬಿದ್ದಿತ್ತು. ತಾಯಿ ಅಳುತ್ತಾ, “ಕಾರ್ಡಿನಲ್ಲಿ ಎಲ್ಲ ಸರಿಯಾಗಿ ಕೊಡಿಸಿದ್ದೇವೆ ಸಿಸ್ಟರ್” ಅಂದರು. ಅವರು ಹೇಳಿದ್ದು ಸರಿಯೇ ಇತ್ತು. ದೂರ ಪ್ರಯಾಣಕ್ಕೆ ಮೊದಲು ಆರು ತಿಂಗಳು ದಾಟಿದ ಮಗುವಿಗೆ ಒಂದು ಡೋಸ್ ಮುಂಚಿತವಾಗಿ ಕೊಡಿಸಬಹುದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ ಅಷ್ಟೆ.

ಹರಡುವ ಕಾಯಿಲೆಗಳ ಮೇಲೆ ಕಣ್ಣಿಡುವ ಜಿಲ್ಲಾ ಸರ್ವೇಕ್ಷಣಾ ಕಚೇರಿಗೆ ಆ ರಾತ್ರಿಯೇ ತಿಳಿಸಿದೆವು. ರಿಪೋರ್ಟ್ ಬರುವವರೆಗೆ ಕಾಯಬಾರದು. ಜ್ವರ ಮತ್ತು ದದ್ದು ಇದ್ದರೆ ಸಂಶಯದ ಮೇಲೇ ತಿಳಿಸಬೇಕು. ಮರುದಿನ ಅವರ ಕಡೆಯವರು ಬಂದು ಗಂಟಲಿನ ಸ್ವಾಬ್ ತೆಗೆದರು, ಮನೆಯವರ ಪಟ್ಟಿ ಮಾಡಿದರು. ದದ್ದು ಎದ್ದ ದಿನದಿಂದ ನಾಲ್ಕು ದಿನ ಹಿಂದಕ್ಕೆ ಲೆಕ್ಕ ಹಾಕಿದರೆ ವಿಮಾನದ ದಿನವೂ ಒಳಗೆ ಬರುತ್ತಿತ್ತು. ವಿಮಾನದಲ್ಲಿದ್ದವರನ್ನು ಹುಡುಕುವ ಕೆಲಸ ಅವರೇ ವಹಿಸಿಕೊಂಡರು. ಕೆಲವು ದಿನದಲ್ಲಿ ದಡಾರ ಅಂತ ಖಚಿತವಾಯಿತು. ಮಗುವಿಗೆ ನ್ಯುಮೋನಿಯಾ ಸ್ವಲ್ಪ ಹಿಡಿಯಿತು, ಆಮ್ಲಜನಕ ಬೇಕಾಯಿತು, ಆಮೇಲೆ ಗುಣವಾಗಿ ಮನೆಗೆ ಹೋಯಿತು.

ನಮ್ಮ ಕಡೆಯ ಸಂಪರ್ಕದ ಪಟ್ಟಿ ಅರ್ಧ ಪುಟಕ್ಕಿಂತ ಕಡಿಮೆ. ಅದರಲ್ಲಿದ್ದ ಸ್ಟಾಫಿನವರೆಲ್ಲ ಹಸಿರು ಪಟ್ಟಿಯವರು. ವಾಚ್‌ಮನ್ ಅಣ್ಣನ ಎರಡನೇ ಡೋಸ್ ಆಗಿತ್ತು. ಯಾರನ್ನೂ ಮನೆಯಲ್ಲಿ ಕೂರಿಸಬೇಕಾಗಲಿಲ್ಲ. ಆಟೋ ಚಾಲಕರನ್ನು ಹುಡುಕಿದ್ದೂ ಅಣ್ಣನೇ, ಅವರ ಪರಿಚಯದವರು.

ಆದರೆ ಅಜ್ಜಿಯ ಹತ್ತಿರ ಮಾತಾಡುವಾಗ ಇನ್ನೊಂದು ಸಂಗತಿ ಹೊರಬಂತು. ನಮ್ಮಲ್ಲಿಗೆ ಬರುವ ಹಿಂದಿನ ದಿನ ಮನೆ ಹತ್ತಿರದ ಕ್ಲಿನಿಕ್‌ಗೆ ಹೋಗಿದ್ದರು. ಶನಿವಾರ, ರಶ್ಶು. ಒಂದು ಗಂಟೆ ಕಾದಿದ್ದರು. ಬಾಗಿಲು ಹಾಕಿ ಎಸಿ ಹಾಕಿದ ಚಿಕ್ಕ ಕೋಣೆ. ಆ ಡಾಕ್ಟರಿಗೆ ನಾನೇ ಫೋನ್ ಮಾಡಿದೆ. ಪಾಪ, ಗಾಬರಿಯಾದರು. “ಈಗ ನಾನೆಂತ ಮಾಡ್ಬೇಕು ಸಿಸ್ಟರ್?” ಸಂಪರ್ಕವಾಗಿ 72 ಗಂಟೆಯೊಳಗೆ ಲಸಿಕೆ ಕೊಟ್ಟರೆ ಕಾಯಿಲೆ ತಡೆಯಬಹುದು, ತೀರಾ ಎಳೆಯ ಮಕ್ಕಳಿಗೆ, ಗರ್ಭಿಣಿಯರಿಗೆ ಆರು ದಿನದೊಳಗೆ ಇಮ್ಯುನೊಗ್ಲೋಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯದ ಇಂಜೆಕ್ಷನ್. ಅದಕ್ಕೆ ಆ ಹೊತ್ತಿನಲ್ಲಿ ಅಲ್ಲಿ ಯಾರು ಕೂತಿದ್ದರು ಅಂತ ಗೊತ್ತಾಗಬೇಕು. ಅವರ ಪುಸ್ತಕದಲ್ಲಿ ಇದ್ದದ್ದು ಟೋಕನ್ ನಂಬರ್ ಮತ್ತು ‘ಬೇಬಿ’, ‘ಅಮ್ಮ’, ‘ಮೀನು ಮಾರ್ಕೆಟ್ ಅಣ್ಣ’ ಅಂತ ಹೆಸರು. ಜೊತೆಗೆ ಬಂದವರ ಹೆಸರಂತೂ ಇಲ್ಲವೇ ಇಲ್ಲ. ಕಾಂಪೌಂಡರ್ ನೆನಪಿನ ಮೇಲೆ ಎಲ್ಲರನ್ನೂ ಹುಡುಕಿದರು. ಹೆಚ್ಚಿನವರು ಸಿಕ್ಕಿದರು. ಇಬ್ಬರು ಮಕ್ಕಳಿಗೆ ಲಸಿಕೆ ಬಾಕಿ ಇತ್ತು, ಅವರಿಗೆ ಕೊಡಿಸಿ ಆಯಿತು.

ಅಲ್ಲಿಂದ ನನ್ನ ಕೆಲಸ ಆಸ್ಪತ್ರೆಯ ಹೊರಗೂ ಹರಡಿತು. ನಾವು ಎಷ್ಟು ಗೂಟ ನೆಟ್ಟರೂ, ಜ್ವರ ಬಂದ ಮಗು ಮೊದಲು ಹೋಗುವುದು ಬೀದಿ ಬದಿಯ ಕ್ಲಿನಿಕ್‌ಗೆ. ಅವರಿಗೆ ನೆಗೆಟಿವ್ ಪ್ರೆಶರ್ ರೂಮಿನ ಕಥೆ ಹೇಳಿ ಪ್ರಯೋಜನ ಇಲ್ಲ. ಈಗ ಮಕ್ಕಳ ಡಾಕ್ಟರೂ ನಾನೂ ಅಂಥ ಕ್ಲಿನಿಕ್ಕಿನವರನ್ನು ಸೇರಿಸಿ ಸಣ್ಣ ಸಣ್ಣ ಸಭೆ ಮಾಡುತ್ತೇವೆ. ಹೇಳುವುದು ಸ್ವಲ್ಪವೇ. ಹೊರಗಿನ ಬೋರ್ಡಿನಲ್ಲಿ ಫೋನ್ ನಂಬರ್ ಹಾಕಿ, ದದ್ದು ಇದ್ದರೆ ಮೊದಲು ಫೋನ್ ಮಾಡಿ ಅಂತ ಬರೆಯಿರಿ. ಅಂಥವರನ್ನು ಒಳಗೆ ಕೂರಿಸಬೇಡಿ, ಕಾರಿನಲ್ಲೋ ಆಟೋದಲ್ಲೋ ಇರಲಿ, ನೀವೇ ಹೋಗಿ ನೋಡಿ. ಆಗದಿದ್ದರೆ ಎಲ್ಲರೂ ಹೋದ ಮೇಲೆ ಕೊನೆಗೆ ನೋಡಿ, ಕಿಟಕಿ ತೆರೆದಿಡಿ. ಬಂದವರೆಲ್ಲರ ಹೆಸರು, ಫೋನ್ ನಂಬರ್ ಬರೆದಿಡಿ. ಜಿಲ್ಲಾ ಕಚೇರಿಗೆ ತಿಳಿಸಿ.

ಮುಂದಿನ ಸಭೆ ಬಿ.ಸಿ. ರೋಡಿನಲ್ಲಿ. ಅಲ್ಲಿಯ ಡಾಕ್ಟರೊಬ್ಬರು ಮೊದಲೇ ಫೋನ್ ಮಾಡಿ ಕೇಳಿದರು, “ಲಸಿಕೆ ಕಾಂಪೌಂಡರಿಗೂ ಕೊಡಿಸ್ಬೇಕಾ ಸಿಸ್ಟರ್?” ಕೊಡಿಸಿ ಸರ್, ಅವರಿಗೇ ಮೊದಲು ಅಂದೆ.